ಕಾಡೋ, ಅಡವಿಯೋ, ಅರಣ್ಯವೋ? ಬೋರ್ಡು ಬರೆಸುವ ಮುಂಚೆ, ಹೊಲ ಕೊಳ್ಳುವ ಮುಂಚೆ

ಧಾರವಾಡದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಜಾತ್ರೆ ಹ್ಯಾಂಡ್‌ಬಿಲ್ಲು, ಅಂಗಡಿ ಬೋರ್ಡು, ಶಾಲೆಯ ವರದಿ, ಏನು ಬಂದರೂ ಮಾಡುತ್ತೇವೆ. ಒತ್ತಕ್ಷರ ತಪ್ಪಿದ್ದರೆ ತಿದ್ದಿ ಕೊಡುವುದು ನನಗೆ ರೂಢಿ. ಈ ಮಳೆಗಾಲದಲ್ಲಿ ಮಾತ್ರ ಮೂವರು ಬಂದರು, ಅವರಿಗೆ ಕಾಗುಣಿತದ ಚಿಂತೆ ಇರಲಿಲ್ಲ. ಯಾವ ಪದ ಹಾಕಬೇಕು ಅನ್ನುವುದೇ ಗೊತ್ತಾಗದೆ ಬಂದಿದ್ದರು.

ಮೊದಲನೆಯವರು ಕಲಘಟಗಿ ಕಡೆಯ ಒಬ್ಬ ರೈತರು. ಎರಡೂವರೆ ಎಕರೆ ಜಮೀನು. ಒಂದೂವರೆ ಎಕರೆ ಆಪೂಸ್ ಮಾವು. ಉಳಿದ ಒಂದೆಕರೆ ಹಿರಿಯರ ಕಾಲದಿಂದ ಕಡಿಯದೆ ಬಿಟ್ಟ ಜಾಗ, ಮತ್ತಿ ಹೊನ್ನೆ ತಾವಾಗಿ ಎದ್ದು ನಿಂತಿವೆ. ಅಲ್ಲಿ ಎರಡು ಕೋಣೆ ಕಟ್ಟಿಸಿ ಶನಿವಾರ, ಭಾನುವಾರ ಬರುವವರಿಗೆ ಬಾಡಿಗೆ ಕೊಡುವ ಯೋಚನೆ. "ಹೆಸರಿನಾಗ ಅರಣ್ಯ ಅಂತ ಇರಲೇನ್ರಿ, ಕಾಡು ಅಂತ ಇರಲೋ? ಮಗ ವನ ಅಂತಾನ, ಮಗಳು ಅಡವಿ ಅಂತಾಳ" ಅಂದರು.

ಎರಡನೆಯವರು ರಾಣೆಬೆನ್ನೂರು ಕಡೆಯ ಶಾಲೆಯೊಂದರ ಅಕ್ಕೋರು. ಶಾಲೆಯ ಹಿಂದಿನ ಹತ್ತು ಗುಂಟೆಯಲ್ಲಿ ಮಕ್ಕಳ ಕೈಯಿಂದ ಸಸಿ ಹಚ್ಚಿಸಿದ್ದಾರೆ. ಅದಕ್ಕೊಂದು ಬೋರ್ಡು ಬೇಕು, ಕೈಯಲ್ಲಿ ದುಡ್ಡು ಕಡಿಮೆ.

ಮೂರನೆಯವನು ನನ್ನ ಅಕ್ಕನ ಮಗ. ಗದಗಿನಲ್ಲಿರುತ್ತಾನೆ, ಮುಂಡರಗಿ ಕಡೆ ಹೊಲ ಕೊಳ್ಳಬೇಕೆಂದು ಓಡಾಡುತ್ತಿದ್ದಾನೆ. ಏಜೆಂಟು ಕೊಟ್ಟ ಕಾಗದ ತಂದು ನನ್ನ ಮೇಜಿನ ಮೇಲೆ ಹರಡಿದ. ಚೆಕ್ಕುಬಂದಿ, ಅಂದರೆ ಹೊಲದ ನಾಲ್ಕು ದಿಕ್ಕಿನ ಗಡಿ, ಬರೆದಲ್ಲಿ ಒಂದು ದಿಕ್ಕಿಗೆ 'ಗುಡ್ಡ', ಇನ್ನೊಂದಕ್ಕೆ 'ಗಾಯರಾಣ', ಮತ್ತೊಂದಕ್ಕೆ 'ಅರಣ್ಯ'. "ಮಾಮಾ, ಎಲ್ಲಾ ಒಂದ ಅಲ್ಲೇನು? ಅಲ್ಲೆ ನೋಡಿದ್ರ ಬರೇ ಕಂಟಿ ಬೆಳದಾವ" ಅಂದ.

ಮೂವರಿಗೂ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಯಾವ ಅಳತೆ ಹಿಡಿಯಬೇಕು

ಪದ ಆರಿಸುವಾಗ ಎಲ್ಲರೂ ಮೊದಲು ಗಿಡ ಎಣಿಸುತ್ತಾರೆ. ಜಾಸ್ತಿ ಇದ್ದರೆ ಕಾಡು, ಕಡಿಮೆ ಇದ್ದರೆ ತೋಪು ಅಂತ. ಈ ಅಳತೆಯನ್ನು ಮೊದಲು ಬಿಡಿ. ಉಪಗ್ರಹದ ಚಿತ್ರ ಇಟ್ಟುಕೊಂಡು ದೇಶದ ಅರಣ್ಯ ಅಳೆಯುವ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಹಿಡಿದಿರುವುದು ಇಂಥದ್ದೇ ಅಳತೆ. ಜಾಗ ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಮೇಲಿಂದ ನೋಡಿದರೆ ಶೇಕಡಾ 10ರಷ್ಟಾದರೂ ನೆಲ ಮರಗಳ ತಲೆಯಿಂದ ಮುಚ್ಚಿರಬೇಕು. ಅಷ್ಟಿದ್ದರೆ ಅದು 'ಅರಣ್ಯ ಹೊದಿಕೆ'. ಜಾಗ ಯಾರದು, ಗಿಡ ಯಾವುದು ಅಂತ ಆ ಲೆಕ್ಕ ಕೇಳುವುದಿಲ್ಲ. ಹಾಗಾಗಿ ಧಾರವಾಡದ ಸುತ್ತಲಿನ ದೊಡ್ಡ ಮಾವಿನ ತೋಟವೂ ಅದರೊಳಗೆ ಬಂದುಬಿಡುತ್ತದೆ.

ಇನ್ನೊಂದು ಕಡೆ ನೋಡಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸಿಗೆ 'ಚಿಗರಿ' ಅಂತ ಹೆಸರು. ಚಿಗರಿ ಅಂದರೆ ಕೃಷ್ಣಮೃಗ. ರಾಣೆಬೆನ್ನೂರಿನಲ್ಲಿ ಅದಕ್ಕಾಗಿಯೇ 1974ರಲ್ಲಿ ಒಂದು ವನ್ಯಜೀವಿ ಧಾಮ ಆಯಿತು, 119 ಚದರ ಕಿಲೋಮೀಟರಿನದು. ಆ ಪ್ರಾಣಿಗೆ ಬೇಕಾದದ್ದು ಹುಲ್ಲು ಮತ್ತು ಬಯಲು. ದೂರದಿಂದ ಬರುವ ತೋಳ ಕಣ್ಣಿಗೆ ಬೀಳಬೇಕು, ಜಿಗಿದು ಓಡಲು ಅಡ್ಡ ಏನೂ ಇರಬಾರದು. ಆದರೆ ಧಾಮದ ಒಳಗೇ ಬಹಳಷ್ಟು ಕಡೆ ಸಾಲು ಸಾಲು ನೀಲಗಿರಿ. ಗಿಡ ಎಣಿಸಿದರೆ ಆ ನೀಲಗಿರಿ ಪಾಸು, ಚಿಗರಿ ಮೇಯುವ ಹುಲ್ಲು ನಪಾಸು. ಅದಕ್ಕೇ ಎಣಿಕೆ ಬಿಡಿ ಅಂದದ್ದು.

ನಾನು ನೋಡುವುದು ಬೇರೆ ನಾಲ್ಕು ಸಂಗತಿ. ಗಿಡ ತಾನಾಗಿ ಬೆಳೆದದ್ದೋ, ಯಾರೋ ಹಚ್ಚಿದ್ದೋ ಅನ್ನುವುದು ಒಂದು. ಒಳಗೆ ಕಾಲಿಡಲು ಯಾರನ್ನು ಕೇಳಬೇಕು ಅನ್ನುವುದು ಎರಡನೆಯದು. ಇದೇ ಎಲ್ಲಕ್ಕಿಂತ ಮುಖ್ಯ, ಯಾಕೆಂದು ಮುಂದೆ ಹೇಳುತ್ತೇನೆ. ಮೂರನೆಯದು ಖರ್ಚು. ಅಕ್ರಿಲಿಕ್ ಅಕ್ಷರ ಕತ್ತರಿಸಿ ಅಂಟಿಸುವ ಬೋರ್ಡಿಗೆ ತುಂಡಿನ ಲೆಕ್ಕದಲ್ಲಿ ದುಡ್ಡು. 'ವನ' ಎರಡು ತುಂಡು. 'ಅರಣ್ಯ' ನಾಲ್ಕು, ಯಾಕೆಂದರೆ ಒತ್ತು ಬೇರೆ ಕತ್ತರಿಸಬೇಕು. ನಾಲ್ಕನೆಯದು ಕೇಳುವವರು ಯಾವ ಸೀಮೆಯವರು ಅನ್ನುವುದು.

ಆ ನಾಲ್ಕನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಮ್ಮೆ ಬೆಂಗಳೂರಿನಿಂದ ಕಾಗದದ ಸ್ಯಾಂಪಲ್ ಹಿಡಿದು ಒಬ್ಬ ಹುಡುಗ ನಮ್ಮ ಅಂಗಡಿ ಹುಡುಕಿಕೊಂಡು ಬಂದ. ಫೋನಿನಲ್ಲಿ "ದೊಡ್ಡ ಹುಣಸಿ ಗಿಡದ ಹತ್ರ ಎಡಕ್ಕ ಹೊಳ್ಳ್ರಿ" ಅಂದಿದ್ದೆ. ಅರ್ಧ ಗಂಟೆ ಆದರೂ ಪತ್ತೆ ಇಲ್ಲ. ಹೊರಗೆ ಹೋಗಿ ನೋಡಿದರೆ ಅದೇ ಹುಣಸಿಯ ಬುಡದಲ್ಲಿ, ಅದರ ನೆರಳಿನಲ್ಲೇ ನಿಂತು ಗಿಡ ಹುಡುಕುತ್ತಿದ್ದಾನೆ. ಅವನ ಕನ್ನಡದಲ್ಲಿ ಗಿಡ ಅಂದರೆ ಮೊಣಕಾಲುದ್ದದ್ದು, ದೊಡ್ಡದು ಮರ. ನಮ್ಮಲ್ಲಿ ನೂರು ವರ್ಷದ ಹುಣಸಿಯೂ ಗಿಡವೇ. ಒಂದು ಗಿಡಕ್ಕೇ ಇಷ್ಟು ಗೊಂದಲ ಇದ್ದರೆ ಗಿಡಗಳ ಹಿಂಡಿಗೆ ಎಷ್ಟಿರಬೇಡ?

ಅರಣ್ಯ: ದೊಡ್ಡ ಹೆಸರು, ದೊಡ್ಡ ಕಾಗದ

ಮೂರು ವರ್ಷದ ಹಿಂದೆ ಒಬ್ಬರ ತೋಟದ ಮನೆಗೆ 'ಅರಣ್ಯ' ಅಂತ ಬೋರ್ಡು ಮಾಡಿಕೊಟ್ಟಿದ್ದೆ. ಮೊದಲ ದೊಡ್ಡ ಮಳೆಗೆ ಒತ್ತಿನ ತುಂಡು ಬಿದ್ದು ಹೋಯಿತು. ಅಂಟು ಕಡಿಮೆ ಹಾಕಿದ್ದು ನನ್ನದೇ ತಪ್ಪು. ಗೇಟಿನ ಮೇಲೆ 'ಅರಣ' ಅಂತ ಉಳಿಯಿತು. ಅವರು ಸಿಟ್ಟಾಗಿ ಫೋನ್ ಮಾಡಿದರು, ನಾನು ನಾಚಿಕೊಂಡು ನಿಘಂಟು ತೆಗೆದೆ. ಸಂಸ್ಕೃತದಲ್ಲಿ ಅರಣ ಅಂದರೆ ದೂರದ್ದು, ಪರರದ್ದು, ನಮ್ಮದಲ್ಲದ್ದು. ಅದರಿಂದಲೇ ಅರಣ್ಯ ಬಂದದ್ದು ಅಂತ ಹೇಳುತ್ತಾರೆ. ಅರಣ್ಯರೋದನ ಅಂತೀವಲ್ಲ, ಅಲ್ಲೂ ಅದೇ: ಕೇಳಲು ನಮ್ಮವರು ಯಾರೂ ಇಲ್ಲದ ಕಡೆ ಅತ್ತ ಹಾಗೆ.

ಇವತ್ತಿಗೂ ಆ ಅರ್ಥ ಸವೆದಿಲ್ಲ. ಕಲಘಟಗಿ, ಅಳ್ನಾವರ ಕಡೆಯ ರೈತರು ಅರಣ್ಯ ಅನ್ನುವುದು ಕಡಿಮೆ, ಬಾಯಲ್ಲಿ ಬರುವುದು 'ಫಾರೆಸ್ಟ್'. "ಅದು ಫಾರೆಸ್ಟಿನವರದು" ಅಂದರೆ ಮಾತು ಮುಗಿಯಿತು. ಗಿಡ ಇದೆಯೋ ಇಲ್ಲವೋ ಬೇರೆ ವಿಷಯ. ಇಲಾಖೆಯ ಕಲ್ಲು ನೆಟ್ಟಿದೆ ಅಂತ ಅರ್ಥ.

ಕಾನೂನಿನಲ್ಲಿ ಈ ಪದಕ್ಕೆ ಒಳಜಾತಿಗಳು ಬೇರೆ ಇವೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಒಂದು ಜಾಗವನ್ನು ಮೀಸಲು ಅರಣ್ಯ ಮಾಡಬೇಕಾದರೆ ಮೊದಲು 4ನೇ ಕಲಮಿನ ಅಧಿಸೂಚನೆ, ಆಕ್ಷೇಪಣೆ ಕೇಳುವುದೆಲ್ಲ ಮುಗಿದ ಮೇಲೆ 17ನೇ ಕಲಮಿನ ಅಧಿಸೂಚನೆ. ಇದು ಕಾಗದದಲ್ಲಿ ಅರಣ್ಯವಾದದ್ದು. ಇದರ ಜೊತೆಗೆ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಅರಣ್ಯ ಸಂರಕ್ಷಣಾ ಕಾಯ್ದೆಯನ್ನು ಓದುವಾಗ ಅರಣ್ಯ ಅನ್ನುವ ಪದಕ್ಕೆ ನಿಘಂಟಿನ ಅರ್ಥ ಹಿಡಿಯಬೇಕು, ಜಾಗ ಯಾರ ಮಾಲೀಕತ್ವದ್ದಾದರೂ ಸರಿ ಅಂತ. 'ಡೀಮ್ಡ್ ಫಾರೆಸ್ಟ್', ಅಂದರೆ ಅಧಿಸೂಚನೆ ಇಲ್ಲದಿದ್ದರೂ ಅರಣ್ಯ ಅಂತ ಎಣಿಸುವ ಜಾಗ, ಅಂತ ಪೇಪರಿನಲ್ಲಿ ಓದುತ್ತೀರಲ್ಲ, ಆ ಜಗಳ ಬೆಳೆದದ್ದು ಇಲ್ಲಿಂದ. 1853ರಲ್ಲಿ ಧಾರವಾಡಕ್ಕೆ ಬಂದು 1894ರಲ್ಲಿ ಕನ್ನಡ ನಿಘಂಟು ಮುದ್ರಿಸಿದ ಕಿಟೆಲ್ ಇದನ್ನು ಕೇಳಿದ್ದರೆ ಖುಷಿಪಡುತ್ತಿದ್ದರೋ, ಗಾಬರಿಯಾಗುತ್ತಿದ್ದರೋ. ಒಂದು ಪದದ ಅರ್ಥಕ್ಕೆ ಎಕರೆಗಟ್ಟಲೆ ನೆಲ ಜೋತುಬಿದ್ದದ್ದು ಮಾತ್ರ ನಿಜ.

ಇನ್ನು ಹೆಸರಿನ ಲೆಕ್ಕ. ಮನೆಗೆ 'ಅರಣ್ಯ' ಅಂತ ಹೆಸರಿಟ್ಟ ಮಾತ್ರಕ್ಕೆ ಜಾಗ ಇಲಾಖೆಯದಾಗುವುದಿಲ್ಲ. ಪದಕ್ಕೆ ಗತ್ತಿದೆ, ಬೆಂಗಳೂರಿನವರಿಗೂ ಮಂಗಳೂರಿನವರಿಗೂ ತಿಳಿಯುತ್ತದೆ. ಆದರೆ ಸುತ್ತಲಿನ ಊರಿನವರು ಅದನ್ನು ಇಲಾಖೆಯ ಗೆಸ್ಟ್‌ಹೌಸು ಅಂದುಕೊಳ್ಳುತ್ತಾರೆ. ಆ ತೋಟದ ಮನೆಯವರಿಗೆ ಹಾಗೇ ಆಗಿತ್ತು. ದಾರಿ ಕೇಳಿದವರನ್ನು ಊರಿನವರು ರೇಂಜ್ ಆಫೀಸಿಗೆ ಕಳಿಸುತ್ತಿದ್ದರಂತೆ.

ಅಡವಿ: ನಮ್ಮ ಮನೆಮಾತು

ಸಂಸ್ಕೃತದ ಅಟವಿ ನಮ್ಮಲ್ಲಿ ಅಡವಿ ಆಗಿದೆ. ಹಳೆಯ ಪದ. ಅಶೋಕನ 13ನೇ ಬಂಡೆ ಶಾಸನದಲ್ಲೂ ಅಟವಿಯ ಜನರ ಮಾತು ಬರುತ್ತದೆ. ಆದರೆ ನಮ್ಮ ಕಡೆ ಅದರ ಬಾಳುವೆ ಬೇರೆ ಥರ. ಬೆಳಗ್ಗೆ ಯಾರ ಮನೆಗಾದರೂ ಹೋಗಿ "ಅವ್ವ ಎಲ್ಲಿ?" ಅಂತ ಕೇಳಿ. "ಅಡವಿಗೆ ಹೋಗ್ಯಾಳ" ಅನ್ನುತ್ತಾರೆ. ಅವಳು ಹುಲಿ ನೋಡಲು ಹೋಗಿಲ್ಲ. ರೊಟ್ಟಿ, ಪಲ್ಯ, ಹಿಂಡಿಯ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಕಳೆ ತೆಗೆಯಲು ಹೋಗಿದ್ದಾಳೆ. ಊರು ಮುಗಿದ ಮೇಲೆ ಇರುವುದೆಲ್ಲ ಅಡವಿ: ಹೊಲ, ಬದು, ಹಳ್ಳ, ಕಂಟಿ, ಎಲ್ಲ ಸೇರಿ. ನವಲಗುಂದದ ಎರೆ ಹೊಲದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಒಂದು ಗಿಡ ಇಲ್ಲದಿದ್ದರೂ ಅದು ಅಡವಿಯೇ.

ಗದಗ ತಾಲೂಕಿನಲ್ಲಿ ಅಡವಿಸೋಮಾಪುರ ಅಂತ ಊರಿದೆ. ಅಡಿವೆಪ್ಪ ಅಂತ ಹೆಸರಿನವರು ನಮ್ಮ ಗಿರಾಕಿಗಳಲ್ಲೇ ನಾಲ್ಕು ಮಂದಿ ಇದ್ದಾರೆ. ಅರಣ್ಯಪ್ಪ ಅಂತ ಯಾರಾದರೂ ಇದ್ದಾರೆಯೇ? ನಾನಂತೂ ಕಾರ್ಡು ಹೊಡೆದಿಲ್ಲ.

ತೊಂದರೆ ಏನೆಂದರೆ ದಕ್ಷಿಣದ ಕಡೆಯವರಿಗೆ ಅಡವಿ ಅಂದರೆ ಕಥೆಯೊಳಗಿನ ದಟ್ಟ ಕಾಡು. ಅಂಥವರು ಮಾವಿನ ತೋಟದ ನಡುವೆ ಬಂದಿಳಿದು "ಅಡವಿ ಎಲ್ಲಿ?" ಅಂತ ಕೇಳಬಹುದು. ಜೊತೆಗೆ 'ಅಡವಿಪಾಲು' ಅನ್ನುವ ಮಾತೂ ಇದೆ. ಮಕ್ಕಳು ಮರಿ ಅಡವಿಪಾಲಾದರು ಅಂದರೆ ದಿಕ್ಕಿಲ್ಲದವರಾದರು ಅಂತ. ಹಿರಿಯರು ಇದ್ದ ಮನೆಯಲ್ಲಿ ಈ ಹೆಸರಿಗೆ ಮುಖ ಸಿಂಡರಿಸುವವರು ಸಿಗುತ್ತಾರೆ. ಇಷ್ಟಿದ್ದರೂ ಹೊಲವೂ ಗಿಡವೂ ಬೆರೆತ ಜಾಗಕ್ಕೆ ಇದಕ್ಕಿಂತ ಸರಿಯಾದ ಪದ ನನಗೆ ಕಂಡಿಲ್ಲ. ಮೂರೇ ತುಂಡು, ಒತ್ತಿಲ್ಲ.

ಕಾಡು

ಇದು ಅಚ್ಚ ದ್ರಾವಿಡ ಪದ, ತಮಿಳಿನಲ್ಲೂ ಇದೆ. ತಮಾಷೆ ನೋಡಿ, ಕೊಯಮತ್ತೂರು ಕಡೆಯ ತಮಿಳಿನಲ್ಲಿ ಕಾಡು ಅಂದರೆ ಮಳೆಯಾಶ್ರಯದ ಹೊಲ. ನಮ್ಮ ಅಡವಿಯ ಕಥೆಯೇ ಅಲ್ಲಿ ಕಾಡಿಗೆ ಆಗಿದೆ.

ಕನ್ನಡದಲ್ಲಿ ಕಾಡು ನಿಲ್ಲುವುದು ನಾಡಿನ ಎದುರಿಗೆ. ಯಾರೂ ಹಚ್ಚಿಲ್ಲ, ಯಾರೂ ಸವರಿಲ್ಲ, ತನ್ನಷ್ಟಕ್ಕೆ ಇದೆ ಅನ್ನುವುದು ಅದರ ಜೀವ. ಅದಕ್ಕೇ ಕಾಡುಹಂದಿ, ಕಾಡುಬೆಕ್ಕು, ಕಾಡುಮಲ್ಲಿಗೆ. ಯಾವ ಪದದ ಮುಂದೆ ಹಾಕಿದರೂ ಅದು ಸಾಕಿದ್ದಲ್ಲ ಅಂತ ತಿಳಿಯುತ್ತದೆ. ಕರ್ನಾಟಕದ ಯಾವ ಮೂಲೆಯವರಿಗೂ ಬಿಡಿಸಿ ಹೇಳಬೇಕಿಲ್ಲ, ಬೋರ್ಡಿಗೆ ಎರಡೇ ತುಂಡು. ಕಡಿಮೆ ದುಡ್ಡಿಗೆ ಹೆಚ್ಚು ಜನರನ್ನು ಮುಟ್ಟಬೇಕೆಂದರೆ ಇದ್ದದ್ದರಲ್ಲಿ ಇದೇ ಒಳ್ಳೆಯದು. ಆದರೆ ಹುಬ್ಬಳ್ಳಿಯ ಬಾಯಿಗೆ ಇದು ಸ್ವಲ್ಪ ಪಠ್ಯಪುಸ್ತಕದ ಪದ. ಇಲ್ಲಿ ದಿನಾ ಕಿವಿಗೆ ಬೀಳುವ 'ಕಾಡು' ಇನ್ನೊಂದು: "ಏ, ಸುಮ್ನ ಕಾಡಬ್ಯಾಡ" ಅಂತ ಮಕ್ಕಳನ್ನು ಗದರುವುದು.

ವನ, ಬನ, ತೋಪು: ಮನುಷ್ಯ ಕೈ ಹಾಕಿದ್ದು

ವನಕ್ಕೆ ಮೊದಲು ಕಾಡು ಅಂತಲೇ ಅರ್ಥ ಇತ್ತು. ಪಾಂಡವರು ಹೋದದ್ದು ವನವಾಸಕ್ಕೆ. ಕೋಳಿವಾಡದ ಕುಮಾರವ್ಯಾಸ ಅದೇ ಕಥೆಗೆ ಅರಣ್ಯಪರ್ವ ಅಂತ ಹೆಸರಿಟ್ಟ. ಅವೇ ಹನ್ನೆರಡು ವರ್ಷ, ಎರಡೂ ಪದ ನಡೆದವು. ಹಿಂದಿ, ಮರಾಠಿಯಲ್ಲಿ ಈಗಲೂ ಅರಣ್ಯ ಇಲಾಖೆಗೆ ವನ ವಿಭಾಗ ಅನ್ನುತ್ತಾರೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೂ 2023ರ ತಿದ್ದುಪಡಿಯಲ್ಲಿ 'ವನ' ಅಂತ ಶುರುವಾಗುವ ಹಿಂದಿ ಹೆಸರು ಬಂತು. ಕನ್ನಡದಲ್ಲಿ ಮಾತ್ರ ವನ ಸಾಧುವಾಗಿಬಿಟ್ಟಿದೆ: ಉದ್ಯಾನವನ, ಔಷಧಿವನ, ಸಂಜೆ ವಾಕಿಂಗ್ ಹೋಗುವ ಜಾಗ. ಪಟ್ಟಣದ ಲೇಔಟಿನವರು ನಾಲ್ಕು ಅಶೋಕ ಗಿಡ ಹಚ್ಚಿ 'ವನ' ಅಂತ ಬೋರ್ಡು ಬರೆಸುತ್ತಾರೆ. ಬರೆದುಕೊಡುವವನು ನಾನೇ, ಆಡಿಕೊಳ್ಳುವ ಹಾಗಿಲ್ಲ.

ಅದೇ ಪದದ ತದ್ಭವ ಬನ. ಇದರಲ್ಲಿ ಭಕ್ತಿ ಉಳಿದಿದೆ. ನಾಗಬನದಲ್ಲಿ ಯಾರೂ ಟೊಂಗೆ ಮುರಿಯುವುದಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆ ಆಗುವ ಪುಷ್ಯ ಮಾಸದ ಹುಣ್ಣಿಮೆಗೆ ನಾವು ಬನದ ಹುಣ್ಣಿಮೆ ಅಂತೀವಿ. ಚಿಕ್ಕ ಜಾಗ, ನೆರಳು, ಮುಟ್ಟಬಾರದೆಂಬ ಅಂಜಿಕೆ, ಈ ಮೂರೂ ಸೇರಿದರೆ ಬನ.

ತೋಪು ಅಂದರೆ ಒಂದೇ ಜಾತಿಯದನ್ನು ಸಾಲಾಗಿ ಹಚ್ಚಿದ್ದು: ಮಾವಿನ ತೋಪು, ಹುಣಸೆ ತೋಪು. ಇಲಾಖೆಯವರ 'ನೆಡುತೋಪು' ಇದರ ತಮ್ಮ. ದಿನಾ ನೀರು, ಗೊಬ್ಬರ, ಆಳು ಬೇಕಾದರೆ ಅದು ತೋಟ.

ಪಕ್ಕದ ಸೀಮೆಯ ಪದಗಳನ್ನು ಸಾಲ ತರುವಾಗ

'ಕಾನು' ಅನ್ನುವ ಪದ ಈಗ ಫ್ಯಾಶನ್ ಆಗಿದೆ, ಕೇಳಲೂ ಚಂದ. ಹಾನಗಲ್ ದಾಟಿ ಸೊರಬ, ಶಿರಸಿ, ಸಿದ್ದಾಪುರದ ಕಡೆ ಹೋದರೆ ಕಾನು ಅಂದರೆ ನೀರಿನ ಸೆಲೆ ಇರುವ, ವರ್ಷವಿಡೀ ಹಸಿರಾಗಿರುವ ಕಾಡಿನ ತುಂಡು. ಕಾಳುಮೆಣಸು, ವಾಟೆ, ಬೈನೆ ಸಿಗುವ ಜಾಗ. 1868ರಷ್ಟು ಹಿಂದೆಯೇ ಅಧಿಕಾರಿಗಳು ಸೊರಬದ ಕಾನುಗಳ ಮೇಲೆ ವರದಿ ಬರೆದಿದ್ದಾರೆ. ಬೇಸಿಗೆಗೆ ಎಲೆ ಉದುರಿಸುವ ನಮ್ಮ ಮತ್ತಿ-ಹೊನ್ನೆಯ ಜಾಗಕ್ಕೆ ಆ ಹೆಸರಿಟ್ಟರೆ ಶಿರಸಿಯ ಕಡೆಯವರು ನಗುತ್ತಾರೆ.

ಅವರದೇ ಇನ್ನೊಂದು ಪದ 'ಬೆಟ್ಟ'. ಉತ್ತರ ಕನ್ನಡದ ಅಡಿಕೆ ಬೆಳೆಗಾರರು "ನಮಗೆ ಬೆಟ್ಟ ಇದೆ" ಅಂದರೆ ಏರುವ ಬೆಟ್ಟ ಅಲ್ಲ. ತೋಟಕ್ಕೆ ಸೊಪ್ಪು, ತರಗೆಲೆ ತರಲು ಹಕ್ಕಿರುವ ಸೊಪ್ಪಿನ ಬೆಟ್ಟ. 'ಹಾಡಿ' ಕುಂದಾಪುರದ ಕಡೆ ಮನೆ ಹತ್ತಿರದ ಮರಗಳ ಗುಂಪು, ಮೈಸೂರು-ಕೊಡಗಿನ ಕಡೆ ಜೇನುಕುರುಬರ ವಸತಿ, ನಮ್ಮ ಕಡೆಯವರಿಗೆ ಯಾರೋ ಹಾಡು ಹಾಡಿ ಹೋದ ಹಾಗೆ ಕೇಳುತ್ತದೆ. 'ದೇವರಕಾಡು' ಕೊಡಗಿಗೆ ಬಿಡಿ.

ಸಾಲದ ಪದಗಳಲ್ಲಿ ನನಗೆ ಬಹಳ ಹಿಡಿಸಿದ್ದು 'ಜಂಗಲ್'. ಕರೆಂಟಿನ ತಂತಿಗೆ ತಾಗುವ ಟೊಂಗೆ ಕಡಿಯುವುದಕ್ಕೆ ಲೈನ್‌ಮನ್‌ಗಳು 'ಜಂಗಲ್ ಕಟಿಂಗ್' ಅಂತಾರಲ್ಲ, ಅದೇ ಜಂಗಲ್. ಕೇಳಿದವರ ಕಣ್ಣಿಗೆ ಬರುವುದು ಬಳ್ಳಿ ಜೋತ ದಟ್ಟ ಮಳೆಕಾಡು. ಆದರೆ ಮೂಲ ಸಂಸ್ಕೃತದ ಜಾಂಗಲ ಅಂದರೆ ಪೂರಾ ಉಲ್ಟಾ: ಒಣ ನೆಲ, ಕಡಿಮೆ ಮಳೆ, ಅಲ್ಲಲ್ಲಿ ಜಾಲಿ, ಬನ್ನಿ, ಮೇಯುವ ಜಿಂಕೆ. ಆಯುರ್ವೇದದವರು ನೀರು ನಿಲ್ಲುವ ತಂಪು ಸೀಮೆಗೆ ಅನೂಪ, ಒಣ ಸೀಮೆಗೆ ಜಾಂಗಲ ಅಂತ ಭಾಗ ಮಾಡಿದ್ದಾರೆ. ಆ ಲೆಕ್ಕದಲ್ಲಿ ದಾಂಡೇಲಿ ಜಂಗಲ್ ಅಲ್ಲ, ಗದಗ-ರಾಣೆಬೆನ್ನೂರೇ ಜಂಗಲ್! ಬೋರ್ಡಿಗೆ ಹಾಕಿ ಅಂತ ಹೇಳುವುದಿಲ್ಲ, 'ಜಂಗ್ಲಿ' ಅನ್ನುವ ಬೈಗುಳ ಅಂಟಿಕೊಂಡಿದೆ. ಆದರೂ ಒಣ ನೆಲಕ್ಕೂ ಒಂದು ಮರ್ಯಾದೆಯ ಪದ ಇತ್ತು ಅನ್ನುವುದು ಚಿಗರಿ ಸೀಮೆಯವರಿಗೆ ಗೊತ್ತಿರಲಿ.

ಗುಡ್ಡ, ಗಾಯರಾಣ, ಕಂಟಿ: ದುಡ್ಡು ಹಾಕುವವರು ಇದನ್ನು ನಿಧಾನವಾಗಿ ಓದಿ

ಇಲ್ಲಿಂದ ಮುಂದೆ ಅಂದ-ಚಂದದ ಮಾತಿಲ್ಲ, ಅಕ್ಕನ ಮಗನ ಕಾಗದದ ಮಾತು.

'ಗುಡ್ಡ' ಬರೀ ಎತ್ತರದ ನೆಲ ಅಂತ ತಿಳಿಯಬೇಡಿ. ನಮ್ಮ ಕಡೆ ಕಟ್ಟಿಗೆ ತರುವುದು, ದನ ಬಿಡುವುದು, ಔಷಧಿ ಬೇರು ಕೀಳುವುದು, ಎಲ್ಲಕ್ಕೂ ಗುಡ್ಡಕ್ಕೇ ಹೋಗುವುದು. ಕಪ್ಪತಗುಡ್ಡವನ್ನೇ ನೋಡಿ. ಯಾರ ಬಾಯಲ್ಲೂ ಅದು ಕಪ್ಪತ ಅರಣ್ಯ ಅಲ್ಲ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿದ ಆ ಸಾಲು 2015ರಲ್ಲಿ ಸಂರಕ್ಷಿತ ಮೀಸಲು ಆಯಿತು, 2016ರಲ್ಲಿ ಸರ್ಕಾರ ಆದೇಶ ವಾಪಸ್ ತೆಗೆದುಕೊಂಡಿತು. ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತು ಹೋರಾಟ ಆದ ಮೇಲೆ 2017ರಲ್ಲಿ ಮತ್ತೆ ಕೊಟ್ಟಿತು. 2019ರಲ್ಲಿ ವನ್ಯಜೀವಿ ಧಾಮವೇ ಆಯಿತು, ಸುಮಾರು 244 ಚದರ ಕಿಲೋಮೀಟರ್. ಬಾಯಲ್ಲಿ ಗುಡ್ಡ, ಕಾಗದದಲ್ಲಿ ಧಾಮ. ಹಾಗಾಗಿ ಚೆಕ್ಕುಬಂದಿಯಲ್ಲಿ 'ಗುಡ್ಡ' ಅಂತ ಕಂಡರೆ ಅದು ಯಾವ ಗುಡ್ಡ, ಯಾರ ಹೆಸರಿನಲ್ಲಿದೆ ಅಂತ ಕೇಳಲೇಬೇಕು.

'ಗಾಯರಾಣ' ಮುಂಬೈ ಆಡಳಿತದ ಕಾಲದಿಂದ ಉಳಿದ ಮರಾಠಿ ಪದ. ಹಳೇ ಮೈಸೂರಿನವರ ಗೋಮಾಳ ಅಂದರೂ ಅದೇ. ಊರಿನ ದನ ಮೇಯಲು ಬಿಟ್ಟ ಸರ್ಕಾರಿ ಜಾಗ. ಪಕ್ಕದಲ್ಲಿದ್ದರೆ ತೊಂದರೆ ಇಲ್ಲ. ಕೊಳ್ಳುವ ಹೊಲದೊಳಗೇ ಅದರ ತುಣುಕು ಸೇರಿಕೊಂಡಿದ್ದರೆ ತೊಂದರೆ.

'ಕಂಟಿ' ಮುಳ್ಳಿನ ಪೊದೆ, 'ಗಿಡಗಂಟಿ' ಎಲ್ಲ ಸೇರಿದ್ದು. ಕಂಟಿ ಅಂದರೆ ಹಾಳುಬಿದ್ದ ಜಾಗ ಅಂತ ತಿಳಿಯುವುದು ಸುಲಭ. ಬಂಕಾಪುರದ ಕೋಟೆಯೊಳಗೆ ಅಂಥ ಕಂಟಿಯ ನಡುವೆ ನವಿಲುಗಳು ಇವೆ ಅಂತಲೇ 2006ರಲ್ಲಿ 139 ಎಕರೆಯನ್ನು ನವಿಲುಧಾಮ ಮಾಡಿದರು. ಕಣ್ಣಿಗೆ ಕಂಟಿ ಕಂಡಿತು ಅಂತ ಕಾಗದ ನೋಡದೆ ಮುಂಗಡ ಕೊಡಬೇಡಿ ಅಂತ ಅವನಿಗೆ ಹೇಳಿದ್ದು ಇದಕ್ಕೇ.

ಮಾಡಬೇಕಾದದ್ದು ಇಷ್ಟು. ಉತಾರ, ಅಂದರೆ ಪಹಣಿ, ತೆಗೆಸಿ. 9ನೇ ಕಾಲಮಿನಲ್ಲಿ ಮಾಲೀಕರ ಹೆಸರು, 11ನೇ ಕಾಲಮಿನಲ್ಲಿ ಹಕ್ಕು-ಋಣ ನೋಡಿ. ಖರಾಬು, ಅಂದರೆ ಸಾಗುವಳಿಯ ಲೆಕ್ಕದಿಂದ ಬಿಟ್ಟ ನೆಲ, ಎಷ್ಟಿದೆ ನೋಡಿ. 'ಅ' ಖರಾಬು ಉಳಲು ಬಾರದ್ದು, 'ಬ' ಖರಾಬು ದಾರಿ, ಹಳ್ಳ ಇಂಥ ಸಾರ್ವಜನಿಕ ಕೆಲಸಕ್ಕೆ ಬಿಟ್ಟದ್ದು. ಆ 'ಬ' ನಿಮ್ಮ ಅಳತೆಗೆ ಬರುವುದಿಲ್ಲ. ಹೊಲದಲ್ಲಿ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತದೆ. ಕೊನೆಗೆ ಆ ಸರ್ವೆ ನಂಬರು ಯಾವುದಾದರೂ ಅರಣ್ಯ ಅಧಿಸೂಚನೆಯಲ್ಲಿ ಇದೆಯೇ ಅಂತ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಬರವಣಿಗೆಯಲ್ಲಿ ಕೇಳಿ. ಬಾಯಿಮಾತು ಸಾಲದು. ಗುಡ್ಡದ ಅಂಚಿನ ಹೊಲಕ್ಕೆ ದರ ಕಡಿಮೆ ಹೇಳುತ್ತಾರೆ, ನಿಜ. ಉಳಿದ ದುಡ್ಡು ಕಾಡುಹಂದಿ ತಡೆಯುವ ಬೇಲಿಗೆ ಹೋಗುತ್ತದೆ. ಅದನ್ನೂ ಸೇರಿಸಿ ಲೆಕ್ಕ ಹಾಕಲಿ, ಅಷ್ಟೇ. ಸದ್ಯಕ್ಕೆ ಅವನು ಮುಂಗಡ ಕೊಡುವುದನ್ನು ತಡೆದಿದ್ದಾನೆ.

ಅಕ್ಕೋರು, ರೈತರು

ಅಕ್ಕೋರಿಗೆ ಮೊದಲು ಇಷ್ಟವಾದದ್ದು 'ಮಕ್ಕಳ ಕಾಡು'. ಸಸಿಗಳನ್ನು ಮಿಯಾವಾಕಿ ಪದ್ಧತಿಯಲ್ಲಿ ಒತ್ತೊತ್ತಾಗಿ ಹಚ್ಚಿಸಿದ್ದಾರೆ, ಬೇಗ ಮೇಲೇಳುತ್ತವೆ. ನನ್ನ ವಾದ ಬೇರೆ. ಮಕ್ಕಳು ಹಚ್ಚಿದ್ದು, ನೀರು ಹಾಕುತ್ತಿರುವುದು, ಬೇಲಿ ಕಟ್ಟಿದ್ದು. ಬೀಜ ತಾನಾಗಿ ಬಿದ್ದು ಹುಟ್ಟಿದ ಮೊದಲ ಗಿಡ ಕಾಣುವವರೆಗೆ ಕಾಡು ಅನ್ನುವುದು ಬೇಡ. 'ಶಾಲೆಯ ಬನ' ಅಂತ ಹಾಕೋಣ ಅಂದೆ. 'ವನ' ಅಂದರೂ ಅದೇ ಎರಡು ತುಂಡು, ಅದೇ ದುಡ್ಡು, ಆದರೆ ವನ ಅಂದರೆ ಮಕ್ಕಳು ಆಡಲು ನುಗ್ಗುತ್ತಾರೆ, ಬನ ಅಂದರೆ ಟೊಂಗೆ ಮುರಿಯಲು ಸ್ವಲ್ಪ ಹೆದರುತ್ತಾರೆ. ಅವರು ನಕ್ಕು "ಆತ್ರಿ, ಬನಾನ ಇರಲಿ" ಅಂದರು. ದುಡ್ಡು ಉಳಿಸಲು ಅಕ್ರಿಲಿಕ್ ಬಿಟ್ಟು ತಗಡಿನ ಮೇಲೆ ಬಣ್ಣದಲ್ಲಿ ಬರೆಸಿದೆವು.

ರೈತರಿಗೆ ನಾನು ಹೇಳಿದ್ದು 'ಅಡವಿ'. ಬರುವ ಗಿರಾಕಿಗಳು ಹೆಚ್ಚಾಗಿ ಹುಬ್ಬಳ್ಳಿಯವರೇ ಆದರೆ ಕಣ್ಣು ಮುಚ್ಚಿ ಅದನ್ನೇ ಇಡಿ, ಬೆಂಗಳೂರಿನವರು ಜಾಸ್ತಿ ಬರುವ ಹಾಗಿದ್ದರೆ 'ಕಾಡು' ಸೇರಿಸಿ ಏನಾದರೂ ಮಾಡೋಣ, ಅರಣ್ಯ ಮಾತ್ರ ಬೇಡ ಅಂದೆ. ಯೋಚಿಸಿ ಹೇಳುತ್ತೇನೆ ಅಂತ ಹೋದರು. ನಾಲ್ಕು ದಿನ ಬಿಟ್ಟು ಫೋನ್ ಬಂತು.

"ನಮ್ಮವ್ವನ್ನ ಕೇಳಿದ್ನಿರಿ. ಆ ಒಂದೆಕರೆಗೆ ಮೊದಲಿಂದ್ಲೂ ಮತ್ತಿಹಕ್ಕಲ ಅಂತಾರಂತ. ಅದನ್ನ ಹಾಕ್ರಿ."

ಹಕ್ಕಲ ಅಂದರೆ ಬಿತ್ತದೆ ಬಿಟ್ಟ ನೆಲ. ಮತ್ತಿ ಗಿಡ ಎದ್ದಿರುವ ಹಕ್ಕಲ. ನನ್ನ ಪಟ್ಟಿಯಲ್ಲಿ ಈ ಪದವೇ ಇರಲಿಲ್ಲ. ಬೆಂಗಳೂರಿನವರಿಗೆ ಗೊತ್ತಾಗುವುದಿಲ್ಲ, ಮೇಲೆ ಎರಡು ಒತ್ತು ಸೇರಿ ಏಳು ತುಂಡು, ಖರ್ಚು ಹೆಚ್ಚು ಅಂತ ಹೇಳಿ ನೋಡಿದೆ. "ಆಗಲ್ರಿ, ಕೇಳಿದವರಿಗೆ ಹೇಳ್ತೀವಿ" ಅಂದರು. ಅಕ್ಷರ ಕತ್ತರಿಸಲು ಕೊಟ್ಟಿದ್ದೇನೆ. ಈ ಸಲ ಒತ್ತಿಗೆ ಅಂಟು ನಂಬುವುದಿಲ್ಲ, ಸ್ಕ್ರೂ ಹೊಡೆಸುತ್ತೇನೆ.